ಗುರೆಳ್ಳು ಚಟ್ನಿಯ ಹಿಂದಿನ ದೀಪಗಳು

ಇವತ್ತು ಬೆಳಗ್ಗೆ ಅಂಗಳ ಗುಡಿಸಿದೆ. ನಳದ ನೀರು ಹಿಡಿದಿಟ್ಟೆ. ಎಂಟು ಸೇರು ಜೋಳ ಹಸನು ಮಾಡಿ ಗಿರಣಿಯಲ್ಲಿ ಬೀಸಿದೆ. ಐವತ್ತು ರೊಟ್ಟಿ ಬಡಿದು, ಬದನೆಕಾಯಿ ಪಲ್ಯ, ಗುರೆಳ್ಳು ಚಟ್ನಿ ಜೊತೆಗಿಟ್ಟು ಗೋಡೆಯಾಚೆಯ ಮನೆಗೆ ಕೊಟ್ಟು ಬಂದೆ. ನಿನ್ನೆ ಮಧ್ಯಾಹ್ನದಿಂದ ಆ ಮನೆಯಲ್ಲಿ ಒಲೆ ಹೊತ್ತಿಲ್ಲ.

ಆ ಮನೆಯ ಹಿರಿಯರ ಬಲಗೈಯ ಎರಡು ಬೆರಳು ಸದಾ ಕಂದು ಬಣ್ಣಕ್ಕಿರುತ್ತಿದ್ದವು. ಫೋಟೋ ತೊಳೆಯುವ ಔಷಧದ ಕಲೆ ಅದು. "ಮೆಹಂದಿ ಏನ್ರಿ ಚಾಚಾ?" ಎಂದು ನಾನು ಚೇಷ್ಟೆ ಮಾಡಿದರೆ, "ಹೌದ ಮಗಳ, ಕ್ಯಾಮರಾದ ಜೋಡಿ ನಿಕಾ ಆಗೇತಿ. ನಿಮ್ಮ ಚಾಚಿಗೆ ಹೇಳಬ್ಯಾಡ ಮತ್ತ" ಎನ್ನುತ್ತಿದ್ದರು.

ಬೈಲಹೊಂಗಲದ ಪೇಟೆಯಲ್ಲಿ ಅವರ ಸ್ಟುಡಿಯೋಗೂ ನಮ್ಮ ಹಿಟ್ಟಿನ ಗಿರಣಿಗೂ ಒಂದೇ ಗೋಡೆ, ಒಂದೇ ಕಂಬದ ಕರೆಂಟು. ಹೊಟ್ಟೆಪಾಡಿಗೆ ಮದುವೆ ಫೋಟೋ ತೆಗೆಯುತ್ತಿದ್ದರು. ಮನಸ್ಸು ಮಾತ್ರ ವಸ್ತುಗಳ ಮೇಲೆ. ರಾಮದುರ್ಗದ ನೇಕಾರರು ಸೀರೆ ತಂದರೆ, ಭಾಂಡೆ ಅಂಗಡಿಯವರು ತಾಮ್ರದ ತಂಬಿಗೆ ತಂದರೆ ಅವರ ಮುಖ ಅರಳುತ್ತಿತ್ತು. ವಸ್ತುಗಳನ್ನೂ ಬಹುವಚನದಲ್ಲೇ ಮಾತಾಡಿಸುವುದು ಅವರ ರೂಢಿ. "ತಂಬಿಗಿ ಸಾಹೇಬ್ರ, ಸ್ವಲ್ಪ ಈ ಕಡೆ ಹೊಳ್ರಿ. ಹಾಂ, ಹಂಗ ನಿಂದರ್ರಿ." ಗೋಡೆಯಾಚೆ ನಮಗೆ ಅದು ಕೇಳಿ ನಗು ಬರುತ್ತಿತ್ತು.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ದಿನಕ್ಕೆ ನಾಲ್ಕು ತಾಸು ಕರೆಂಟು ಬಂದರೆ ಹೆಚ್ಚು. ಗಿರಣಿಯೊಂದರಿಂದ ಮನೆ ಸಾಗುತ್ತಿರಲಿಲ್ಲ. ನಾನು ಚಟ್ನಿಪುಡಿ ಕುಟ್ಟಿ ಪಾಕೀಟು ಕಟ್ಟತೊಡಗಿದೆ. ಬೆಳಗಾವಿಯ ಅಂಗಡಿಯವರೊಬ್ಬರು ನಾಲಿಗೆಗೆ ಹಚ್ಚಿ ನೋಡಿ, "ರುಚಿ ಐತ್ರಿ. ಆದ್ರ ಬಣ್ಣದ ಲೇಬಲ್ ಇಲ್ಲದ ಪಾಕೀಟ ಯಾರ ಎತ್ತತಾರ? ದಸರಾದೊಳಗ ತರ್ರಿ. ಇಲ್ಲಂದ್ರ ಆ ಜಾಗಾ ಬ್ಯಾರೇವರಿಗೆ ಕೊಡತೇನಿ" ಎಂದರು.

ಚಾಚಾನ ಮುಂದೆ ಹೋಗಿ ನಿಂತೆ. ಗುರೆಳ್ಳು ಚಟ್ನಿ ಮೊದಲೇ ಕಪ್ಪು. ಬರೀ ಗೋಡೆಯ ಮುಂದೆ ಇಟ್ಟರೆ ಬೂದಿ ಗುಡ್ಡೆಯಂತೆ ಕಾಣುತ್ತದೆ ಎಂದರು. ಹಿತ್ತಾಳೆ ಬಟ್ಟಲಲ್ಲಿ ಚಟ್ನಿ ತುಂಬಿಸಿ, ಹತ್ತು ಅಡಿ ಹಿಂದೆ ಮದುವೆ ಮಂಟಪಕ್ಕೆ ಕಟ್ಟುವ ಸಣ್ಣ ಬಲ್ಬಿನ ಸರ ಇಳಿಬಿಟ್ಟರು. ಬಟ್ಟಲ ಮೇಲೆ ಗುರಿಯಿಟ್ಟರೆ ದೂರದ ಬಲ್ಬುಗಳು ಮಸುಕಾಗಿ, ದೊಡ್ಡ ದೊಡ್ಡ ದುಂಡು ಬೆಳಕಾಗಿ ಮೂಡುತ್ತವಂತೆ. ಅವರು ಬಟನ್ ಒತ್ತಿ ಫ್ಲ್ಯಾಶ್ ಮಿಂಚುವುದಕ್ಕೂ, ಈಚೆ ನಮ್ಮವರು ಯಾರದೋ ಜೋಳಕ್ಕೆ ಗಿರಣಿ ಹಚ್ಚುವುದಕ್ಕೂ ಸರಿಹೋಯಿತು.

ಚಾಚಾ ತಾವೇ ತೊಳೆಯುತ್ತಿದ್ದುದು ಕಪ್ಪು ಬಿಳುಪು ಮಾತ್ರ; ಬಣ್ಣದ ರೀಲು ಬೆಳಗಾವಿಗೆ ಹೋಗಿ ಮೂರು ದಿನಕ್ಕೆ ಫೋಟೋ ಆಗಿ ಬಂತು. ಬಟ್ಟಲು ಬೆಳ್ಳಗೆ ಬೆಚ್ಚಿಬಿದ್ದಂತಿತ್ತು. ಹಿಂದೆಲ್ಲ ಕತ್ತಲೆ. ಒಂದು ದೀಪವೂ ಇಲ್ಲ.

"ಫ್ಲ್ಯಾಶ್ ಸೆಲ್ಲಿನ ಮ್ಯಾಲೆ ನಡಿತೈತಿ, ಅದಕ್ಕೇನೂ ಆಗಂಗಿಲ್ಲ" ಎಂದರು ಚಾಚಾ. "ಗಿರಣಿ ಚಾಲೂ ಆತಂದ್ರ ಹಿಂದಿನ ಬಲ್ಬು ಸೊರಗತಾವ. ಮುಂದಿಂದು ಹಿಂದಿಂದನ್ನ ನುಂಗಿಬಿಡತೈತಿ."

"ಮತ್ತ ಇಷ್ಟ ವರ್ಷ ಹೆಂಗ ಮಾಡಿದ್ರಿ? ಒಂದ್ ಮಾತರ ಹೇಳಬಾರದೇನ್ರಿ?"

"ಗಿರಣಿ ನಿಂದರೂದನ್ನ ಕಾಯತಿದ್ದೆ. ಹೇಳಾಕೇನೈತಿ ಅದರಾಗ?"

ಗಿರಣಿ ಹಾಕಿದಾಗಿನಿಂದ ಹದಿನಾಲ್ಕು ವರ್ಷ ಅವರ ದೀಪ ನಾವು ಕುಡಿದಿದ್ದೆವು.

ಮರುದಿನ ಒಂಬತ್ತಕ್ಕೆ ಕರೆಂಟು ಬಂತು, ಹತ್ತಕ್ಕೆ ಹೋಗುವುದಿತ್ತು. ಅಂದೇ ಮಧ್ಯಾಹ್ನದ ಬಸ್ಸಿಗೆ ರೀಲು ಬೆಳಗಾವಿಗೆ ಹೋಗದಿದ್ದರೆ ದಸರಾಕ್ಕೆ ಲೇಬಲ್ ಆಗುತ್ತಿರಲಿಲ್ಲ. ಗಿರಣಿ ಮುಂದೆ ಏಳು ಡಬ್ಬಿಗಳ ಸಾಲು. ನಾನು ಬಾಗಿಲಿಗೆ ಅಡ್ಡ ನಿಂತು, ಇವತ್ತು ಬೀಸುವುದಿಲ್ಲ ಎಂದೆ. ಸಂಪಗಾಂವದಿಂದ ನಸುಕಿನ ಬಸ್ಸಿಗೆ ಬಂದಿದ್ದ ಅಜ್ಜಿಯೊಬ್ಬಳು ಸೊಂಟದ ಮೇಲೆ ಕೈಯಿಟ್ಟಳು. "ಚಟ್ನಿ ಫೋಟೋ ತಗಸಾಕ ನನ್ನ ಹಿಟ್ಟ ನಿಂದರಸ್ತಿ? ನಿನ್ನ ಚಟ್ನಿಗೆ ರೊಟ್ಟಿ ಎಲ್ಲಿಂದ ಬರತೈತವಾ?"

ಗಲಾಟೆ ಕೇಳಿ ಚಾಚಾ ಹೊರಗೆ ಬಂದರು. ಸಾಲು ನೋಡಿದರು. "ಗಿರಣಿ ಹಚ್ಚಸ. ನಡುವ ನಿಂದರಸಬ್ಯಾಡ. ಬರೂವಾಗ ಎರಡ ಖಾಲಿ ಚೀಲ ತಗೊಂಬಾ."

ಗಿರಣಿ ಶುರುವಾಯಿತು. ಸ್ಟುಡಿಯೋದ ನೆಲವೆಲ್ಲ ಗುಂಯ್ಗುಡುತ್ತಿತ್ತು. ಕ್ಯಾಮರಾ ಅಲುಗದಂತೆ ಚಾಚಾ ಚೀಲ ಮಡಿಸಿ ಸ್ಟ್ಯಾಂಡಿನ ಕಾಲಡಿಗೆ ಇಟ್ಟರು. ಕಿಸೆಯ ಬಿಳಿ ಕರವಸ್ತ್ರ ನಾಲ್ಕು ಮಡಿಕೆ ಮಾಡಿ ಫ್ಲ್ಯಾಶಿಗೆ ಸುತ್ತಿದರು. ಕಿಟಕಿ, ಬಾಗಿಲು ಮುಚ್ಚಿದರು. ಕತ್ತಲೆಯಲ್ಲಿ ಬಲ್ಬಿನ ಸರ ಆರುತ್ತಿರುವ ಕೆಂಡದಂತೆ ಮಿಣುಕುತ್ತಿತ್ತು.

"ಅಯ್ಯ, ಇಷ್ಟ ಸಣ್ಣ ಬೆಳಕ ಫೋಟೋದಾಗ ಬರತೈತೇನ್ರಿ?"

"ಸಣ್ಣ ಬೆಳಕಿಗೆ ಹೊತ್ತ ಕೊಡಬೇಕ ಮಗಳ. ಅಷ್ಟ."

ಫ್ಲ್ಯಾಶ್ ಮೆತ್ತಗೆ ಒಮ್ಮೆ ಮಿಂಚಿತು. ಅಲ್ಲಿಗೆ ಬಟ್ಟಲ ಕೆಲಸ ಮುಗಿಯಿತು. ಆದರೆ ಅವರು ಬೆರಳು ಎತ್ತಲಿಲ್ಲ. ಕ್ಯಾಮರಾದ ಕಣ್ಣು ತೆರೆದೇ ಇತ್ತು. "ಏಕ್, ದೋ, ತೀನ್" ಎಂದು ಎಣಿಸಿ ಬಿಟ್ಟರು. ಮತ್ತೊಮ್ಮೆ ಐದರವರೆಗೆ. ಮತ್ತೊಮ್ಮೆ ಎಂಟರವರೆಗೆ. ಅಷ್ಟು ಹೊತ್ತೂ ನಾನು ಉಸಿರು ಹಿಡಿದು ನಿಂತಿದ್ದೆ. "ನೀ ಯಾಕ ಉಸರ ಕಟ್ಟೀ? ಫೋಟೋ ನಿಂದಲ್ಲ, ಚಟ್ನಿ ಬಾಯಿ ಅವರದು" ಎಂದು ನಕ್ಕರು.

ಐದರವರೆಗೆ ಎಣಿಸಿದ್ದು ಚೆನ್ನಾಗಿ ಬಂತು. ಚಟ್ನಿಯ ಒಂದೊಂದು ಕಾಳಿನ ತರಿಯೂ ಕಾಣುತ್ತಿತ್ತು. ಹಿಂದೆ ಕೆಂಪು ಹಳದಿಯ ದುಂಡು ದುಂಡು ಬೆಳಕು, ಯಾರದೋ ಮನೆಯಲ್ಲಿ ಹಬ್ಬ ನಡೆದಂತೆ. ಕರೆಂಟು ಪೂರ್ತಿ ಇದ್ದಿದ್ದರೆ ಆ ಕೆಂಪು ಬರುತ್ತಿರಲಿಲ್ಲ ಎಂದು ಚಾಚಾನೇ ಹೇಳಿದರು. ದಸರಾಕ್ಕೆ ಎರಡು ದಿನ ಮೊದಲು ಲೇಬಲ್ ಅಂಗಡಿ ಸೇರಿತು. ನನ್ನ ಇಬ್ಬರು ಹೆಣ್ಣುಮಕ್ಕಳ ಕಾಲೇಜು ಆ ಪಾಕೀಟಿನ ಮೇಲೆಯೇ ನಡೆಯಿತು. ಇವತ್ತಿಗೂ ಅದೇ ಫೋಟೋ.

ನಿನ್ನೆ ಚಾಚಾ ಹೋದರು. ಸುದ್ದಿ ಕೇಳಿದೊಡನೆ ನಮ್ಮವರು ಗಿರಣಿ ನಿಲ್ಲಿಸಿ ಬಾಗಿಲು ಹಾಕಿದ್ದರು. ಇವತ್ತು ಬೆಳಗ್ಗೆ ನಾನೇ ಹೇಳಿದೆ, "ಹಚ್ಚರಿ. ಆ ಮನಿ ಮಂದಿ ಉಣಬೇಕು." ಬೀಸುವಾಗ ತಲೆ ಮೇಲಿನ ಬಲ್ಬು ಸೊರಗಿತು. ರೂಢಿಯಂತೆ ಗೋಡೆಯ ಕಡೆ ನೋಡಿದೆ. ಮನಸ್ಸಿನಲ್ಲೇ ಐದರವರೆಗೆ ಎಣಿಸಿದೆ.

ರಾತ್ರಿ ಮನೆಗೆಂದು ತೆಗೆದಿಟ್ಟಿದ್ದ ನಾಲ್ಕು ರೊಟ್ಟಿ, ಗುರೆಳ್ಳು ಚಟ್ನಿ, ಮೊಸರು ಉಂಡೆವು. ನಮ್ಮವರು ಮೊದಲು ಮಲಗಿದರು.