ಗಾಳಿ ಇಲ್ಲದ ದಿನಗಳು

ಮಾತಿನ ನಡುವೆ ಎಲೆ ಅಲುಗಿದರೆ ಸಾಕು, ಸುಬ್ರಾಯ ಮಾಸ್ತರರು ನಮ್ಮನ್ನು ಬಿಟ್ಟು ಗಾಳಿಯ ಕಡೆ ಮುಖ ಮಾಡಿ ನಿಂತುಬಿಡುತ್ತಿದ್ದರು. ತ್ಯಾಗಲಿ ಊರಿನ ಕಡೆಯ ಶಾಲೆಯೊಂದರಲ್ಲಿ ಕಲಿಸಿ ನಿವೃತ್ತರಾದವರು. ಸೈಕಲ್ ಚಕ್ರದ ನಡುವಿನ ಹಬ್ಬಿಗೆ ನಾಲ್ಕು ತೆಂಗಿನ ಗೆರಟೆ ಕಟ್ಟಿ ಗಾಳಿಯ ವೇಗ ಅಳೆಯುವ ಯಂತ್ರ ಮಾಡಿಕೊಂಡಿದ್ದರು. ಅದನ್ನು ಪರೀಕ್ಷಿಸಲು ಸಮತಟ್ಟು ರಸ್ತೆ ಬೇಕೆಂದು ದಾಸನಕೊಪ್ಪದವರೆಗೆ ಹೋಗಿ, ನನ್ನ ಸ್ಕೂಟರಿನ ಹಿಂದೆ ಅದನ್ನು ಸಿಕ್ಕಿಸಿದ ಕೋಲು ಎತ್ತಿ ಹಿಡಿದು ಕೂತು, "ಮೂವತ್ತರಲ್ಲೇ ಹೋಗು ತಮಾ, ಓಡಿಸಡ!" ಎಂದು ಕೂಗುತ್ತಿದ್ದರು.

"ಏನ್ರೀ ಮಾಸ್ತರ, ಚಿಪ್ಪು ಮಾರಾಕ ಹೊಂಟೀರೇನು?" ಎಂದ ಅಲ್ಲಿನ ಅಂಗಡಿಯವನಿಗೂ ನಿಂತು ವಿವರಿಸಿದರು.

ಮಳೆಗಾಲದಲ್ಲಿ ಮರ ಬಿದ್ದು ಲೈನು ಹೋದರೆ ವಾರಗಟ್ಟಲೆ ಕರೆಂಟಿಲ್ಲ. ಊರಿನ ಸಣ್ಣ ಆಸ್ಪತ್ರೆಯ ಫ್ರಿಜ್ಜಿನಲ್ಲಿ ಮಕ್ಕಳ ಲಸಿಕೆ ಹಾಳು. ಗುಡ್ಡದ ಮೇಲೆ ಕರೆಂಟು ಮಾಡುವ ಗಾಳಿಯಂತ್ರವೊಂದನ್ನು ಹಾಕಿಸಬೇಕೆಂಬುದು ಅವರ ಹಟ. ಅದಕ್ಕಾಗಿ ಎರಡು ವರ್ಷ ದಿನಾ ಗುಡ್ಡ ಹತ್ತಿ ವೇಗದ ಪಟ್ಟಿ ಬರೆದರು. ಗಾಳಿ ನಿಂತರೆ ಬ್ಯಾಟರಿ ಎಷ್ಟು ದಿನ ತಡೆಯಬೇಕೆಂಬ ಲೆಕ್ಕ, ಶಿರಸಿಯಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ನನ್ನ ಪಾಲಿಗೆ ಬಂತು. ಪಟ್ಟಿಯಲ್ಲಿ ಅಲ್ಲಲ್ಲಿ ಖಾಲಿ ಜಾಗ. ವಯಸ್ಸಾದವರು, ಆ ದಿನ ಗುಡ್ಡ ಹತ್ತಿರಲಿಕ್ಕಿಲ್ಲ ಎಂದುಕೊಂಡು ಅವನ್ನು ಕೈಬಿಟ್ಟು, ಉಳಿದದ್ದನ್ನು ಕಂಪ್ಯೂಟರಿಗೆ ಕೊಟ್ಟೆ. ಒಂದು ದಿನದ ಬ್ಯಾಟರಿ ಸಾಕೆಂದು ಬಂತು. ಬುದ್ಧಿವಂತನಲ್ಲವೇ ನಾನು!

ಗಾಳಿಯಂತ್ರ ಬಂದ ವರ್ಷ ಮಳೆಗಾಲ ಸುಸೂತ್ರವಾಗಿ ಕಳೆಯಿತು. ನವರಾತ್ರಿಯ ಹೊತ್ತಿಗೆ ಸಿಡಿಲಿಗೆ ಟ್ರಾನ್ಸ್‌ಫಾರ್ಮರ್ ಸುಟ್ಟಿತು. ನಾಲ್ಕು ದಿನ ಗಾಳಿಯೂ ಇಲ್ಲ. ಲಸಿಕೆಯೆಲ್ಲ ಕೆಟ್ಟಿತು, ಕೂಸುಗಳನ್ನು ಎತ್ತಿಕೊಂಡು ಬಂದ ತಾಯಂದಿರು ಹಾಗೇ ವಾಪಸಾದರು.

"ಮಾಸ್ತರು ಮನೇಲಿ ಕೂತ್ಕಂಡು ಬರೆದ ಪಟ್ಟಿ ಅದು" ಎಂದರು ಊರ ಸಭೆಯಲ್ಲಿ. ಮಾಸ್ತರರ ಮುಖ ಕಪ್ಪಿಟ್ಟಿತು.

ಹೊರಗೆ ಬಂದಮೇಲೆ ಖಾಲಿ ಜಾಗಗಳ ಬಗ್ಗೆ ಕೇಳಿದೆ.

"ಆ ದಿನ ಗೆರಟೆ ತಿರುಗಿದ್ದೇ ಇಲ್ಲೆ ತಮಾ. ಮನೇಲಿ ಅಕ್ಕಿ ಮುಗಿದ್ರೂ ‘ಇಲ್ಲೆ’ ಹೇಳಲಾಗ, ‘ಹೆಚ್ಚಿದ್ದು’ ಹೇಳ್ತ್ಯ. ಗಾಳಿ ‘ಇಲ್ಲೆ’ ಹೇಳಿ ಬರೆಯಲೆ ಕೈ ಬಂಜಿಲ್ಲೆ. ಖಾಲಿ ಬಿಟ್ಟಿ."

ಗಾಳಿ ಇಲ್ಲದ ದಿನಗಳನ್ನೇ ನಾನು ಕೈಬಿಟ್ಟಿದ್ದೆ. ಲೆಕ್ಕಕ್ಕೆ ಎಲ್ಲಕ್ಕಿಂತ ಹೆಚ್ಚು ಬೇಕಾಗಿದ್ದುದು ಆ ದಿನಗಳೇ. ಒಳಗೆ ಇನ್ನೂ ಜನ ಕೂತಿದ್ದರು, ಹೋಗಿ ಹೇಳಬಹುದಿತ್ತು. ಸ್ಕೂಟರ್ ಹತ್ತಿ ಶಿರಸಿಗೆ ಬಂದೆ.

ಕೆಲವು ವರ್ಷಗಳ ಮೇಲೆ ಅವರು ಶಿರಸಿಯ ಆಸ್ಪತ್ರೆಯಲ್ಲಿ ಮಲಗಿದ್ದಾಗ, ತಪ್ಪು ನನ್ನ ಲೆಕ್ಕದ್ದೆಂದು ಒಪ್ಪಿಕೊಂಡೆ.

"ಆವಾಗ್ಲೇ ಒಂದ್ಸಲ ಕೇಳಿದ್ರೆ ಹೇಳ್ತಿದ್ನಲಾ" ಎಂದರು. ಆಮೇಲೆ ನನ್ನ ಕೈ ಹಿಡಿದುಕೊಂಡು, "ಊರಲ್ಲಿ ಹೇಳು. ಆನು ದಿನಾ ಗುಡ್ಡ ಹತ್ತಿದ್ದು ಅವ್ಕೆ ಗೊತ್ತಾಗ್ಲಿ."

"ಹೇಳ್ತೆ" ಎಂದೆ.

ಅವರ ಹದಿಮೂರನೆಯ ದಿನದ ಊಟಕ್ಕೆ ಊರೆಲ್ಲ ಸೇರಿತ್ತು. ಪಂಕ್ತಿಯಲ್ಲಿ ಪಕ್ಕದವರು, "ಒಳ್ಳೇ ಜನ. ಆ ಸುಳ್ಳು ಪಟ್ಟಿ ಒಂದು ಬರೆಯದೇ ಇದ್ದಿದ್ರೆ" ಎಂದರು. ನಾನು ತಲೆ ತಗ್ಗಿಸಿ ಊಟ ಮುಗಿಸಿದೆ.