ಅಂಟಣ್ಣ ಸಿಗರೇಟು ಬಿಟ್ಟ ವರ್ಷ

ರಟ್ಟಿನ ಪೆಟ್ಟಿಗೆ ಕಾರ್ಖಾನೆಯವರು ಅಂಟಣ್ಣನಿಗೆ ಒಂದು ತಿಂಗಳ ಸಂಬಳ ಕೊಡುವುದು ಇನ್ನೂ ಬಾಕಿಯಿದೆ. ಕಾರ್ಖಾನೆಯ ಗೇಟಿಗೆ ಬೀಗ ಬಿದ್ದು ಎಷ್ಟೋ ಕಾಲವಾಯಿತು. ಯಜಮಾನರು ಬೇರೆ ಕಡೆ ಬೇರೆ ವ್ಯಾಪಾರ ಮಾಡಿಕೊಂಡು ಚೆನ್ನಾಗಿಯೇ ಇದ್ದಾರೆ. ಅಂಟಣ್ಣನೂ ಇದ್ದಾನೆ, ಬೆನ್ನು ಬಾಗಿದೆ ಅಷ್ಟೆ.

ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ. ದೊಡ್ಡ ಕೊಪ್ಪರಿಗೆಯಲ್ಲಿ ಅಂಟು ಕಾಯಿಸಿ, ಉದ್ದನೆಯ ಮರದ ಕೋಲಿನಿಂದ ದಿನವಿಡೀ ತಿರುವುವುದು ಅವನ ಕೆಲಸ. ಕೈ ನಿಂತರೆ ಅಂಟು ಗಂಟು ಕಟ್ಟುತ್ತಿತ್ತು. ಗಂಟು ಕಟ್ಟಿದರೆ ಮೇಸ್ತ್ರಿಯ ಬಾಯಿ ಬಿಚ್ಚುತ್ತಿತ್ತು. ಕೂರಲು ಒಂದು ಮುರುಕಲು ಸ್ಟೂಲೂ ಇರಲಿಲ್ಲ.

ಆ ಕಾರ್ಖಾನೆಯಲ್ಲಿ ಬಿಡುವು ಎಂಬುದು ಸಿಗರೇಟು ಸೇದುವವರಿಗೆ ಮಾತ್ರ. ಒಳಗೆಲ್ಲ ಕಾಗದ, ರಟ್ಟು. ಕದ್ದು ಸೇದಿ ಎಲ್ಲಿ ಬೆಂಕಿ ಹಚ್ಚಿಬಿಡುತ್ತಾರೋ ಎಂದು ಹೆದರಿ, ಯಜಮಾನರೇ ಹಿತ್ತಲ ಗೋಡೆಯ ಬುಡದಲ್ಲಿ ಒಂದು ಹಲಗೆ ಹಾಕಿಸಿ, ಪಕ್ಕದಲ್ಲಿ ಮರಳಿನ ಬಕೆಟ್ ಇಡಿಸಿದ್ದರು. ಸೇದುವವರು ಆಗಾಗ ಅಲ್ಲಿ ಹೋಗಿ ಕೂರಬಹುದು. ಸೇದದವರು ನಿಂತೇ ಇರಬೇಕು. ಹೊಸದರಲ್ಲಿ ಅಂಟಣ್ಣ ಸೇದುತ್ತಿರಲಿಲ್ಲ. ಸೊಂಟ ಹಿಡಿದುಕೊಂಡು ಒದ್ದಾಡುತ್ತಿದ್ದವನ ಕೈಗೆ, ರಟ್ಟು ಕತ್ತರಿಸುವ ಕತ್ತರಿ ಮಾವ ಒಂದು ಸಿಗರೇಟು ತುರುಕಿದ.

"ನಂಗೆ ಅಭ್ಯಾಸ ಇಲ್ಲ ಮಾವ."

"ಕೂರೋ ಅಭ್ಯಾಸ ಇದೆಯಾ?"

"ಅದಿದೆ."

"ಹಾಗಾದ್ರೆ ಬಾ. ಹೊಗೆ ನುಂಗಬೇಡ, ಸುಮ್ನೆ ಬಾಯಲ್ಲಿ ಇಟ್ಕೋ."

ಬಾಯಲ್ಲಿಟ್ಟುಕೊಂಡದ್ದು ಎದೆಗಿಳಿಯಲು ಬಹಳ ದಿನ ಬೇಕಾಗಲಿಲ್ಲ. ಆ ಹಲಗೆಯ ಸುಖವನ್ನು ಅಂಟಣ್ಣ ಇವತ್ತಿಗೂ ಬಾಯಿ ಚಪ್ಪರಿಸಿಕೊಂಡು ನೆನೆಯುತ್ತಾನೆ. ಬಿಸಿಲಿಗೆ ಕಾದ ಗೋಡೆ ಬೆನ್ನಿಗೆ ಹಿತವಾಗಿರುತ್ತಿತ್ತು. ಒಂದೇ ಕಡ್ಡಿಯಲ್ಲಿ ಎಲ್ಲರ ಸಿಗರೇಟು ಹೊತ್ತುತ್ತಿತ್ತು. ಕತ್ತರಿ ಮಾವ ಮೇಸ್ತ್ರಿಯ ನಡಿಗೆಯನ್ನು ಅಣಕಿಸುತ್ತಿದ್ದ. ನಕ್ಕು ನಕ್ಕು ಕೆಮ್ಮು, ಕೆಮ್ಮಿ ಕೆಮ್ಮಿ ಮತ್ತೆ ನಗು. ನಮ್ಮ ಕಾರ್ಮಿಕರ ಸಂಘ ಹುಟ್ಟಿದ್ದೂ ಆ ಹಲಗೆಯ ಮೇಲೆಯೇ, ಯಾವ ಸಭಾಂಗಣದಲ್ಲೂ ಅಲ್ಲ.

ಮ್ಯಾನೇಜರರೂ ಸೇದುತ್ತಿದ್ದರು. ಅವರಿಗೆ ಗೋಡೆಯ ಹಂಗಿರಲಿಲ್ಲ. ತಮ್ಮದೇ ಕೋಣೆ, ತಿರುಗುವ ಕುರ್ಚಿ, ಗಾಜಿನ ಬೂದಿತಟ್ಟೆ.

ಒಂದು ದಿನ ಹಿತ್ತಲಿನ ರದ್ದಿಯ ರಾಶಿಗೆ ಕಿಡಿ ಹಾರಿತು. ಬೆಂಕಿ ಆರಿತು, ಯಜಮಾನರ ಹೊಟ್ಟೆಯ ಉರಿ ಆರಲಿಲ್ಲ. ಎಲ್ಲರನ್ನೂ ಅಂಗಳಕ್ಕೆ ಕರೆಸಿ ಸಾರಿದರು: ಇಡೀ ವರ್ಷ ಸಿಗರೇಟು ಮುಟ್ಟದವರಿಗೆ ವರ್ಷದ ಕೊನೆಗೆ ಒಂದು ತಿಂಗಳ ಸಂಬಳ ಇನಾಮು. ನಡುವೆ ಒಂದು ದಮ್ಮು ಎಳೆದರೂ ಇನಾಮು ಹೋಯಿತು.

"ವರ್ಷದ ಕೊನೆಗೆ ಕೊಡೋದು ಇವತ್ತೇ ಹೇಳ್ತಾರೆ, ಇವತ್ತು ಕೊಡೋದು ಯಾವತ್ತೂ ಹೇಳಲ್ಲ" ಎಂದು ಕತ್ತರಿ ಮಾವ ಗೊಣಗಿ ಹಲಗೆಯ ಕಡೆ ನಡೆದ. ಅಂಟಣ್ಣನೂ ಹಿಂದೆಯೇ ಹೋಗುತ್ತಿದ್ದನೇನೋ. ಆದರೆ ಮನೆಯಲ್ಲಿ ಹೆಂಡತಿಯ ಕಿವಿಗೆ ಸುದ್ದಿ ಬಿದ್ದಿತ್ತು.

ಅವಳು ದಿಂಬಿನ ಚೀಲ, ಮಕ್ಕಳ ಅಂಗಿ ಹೊಲಿದು ನಾಲ್ಕು ಕಾಸು ಮಾಡುತ್ತಿದ್ದಳು. ಸ್ವಂತ ಹೊಲಿಗೆ ಯಂತ್ರವಿರಲಿಲ್ಲ. ದಿನವೂ ಬಟ್ಟೆಯ ಗಂಟು ಹೊತ್ತು ಓರಗಿತ್ತಿಯ ಮನೆಗೆ ಹೋಗಬೇಕು. ಆ ಮಹಾತಾಯಿ ಪಕ್ಕದಲ್ಲೇ ಕೂತು, "ಮೆಲ್ಲಗೆ ತುಳಿಯೇ, ನಮ್ಮಪ್ಪ ಕೊಡ್ಸಿದ್ದು" ಎನ್ನುತ್ತಿದ್ದಳು.

"ರೀ, ಆ ಇನಾಮಿಗೆ ಒಂದು ಮಿಷನ್ ಬರುತ್ತೆ."

"ವರ್ಷ ಕಣೇ, ಒಂದಿನ ಎರಡು ದಿನ ಅಲ್ಲ."

"ಅವಳ ಬಾಯಿ ನಾನು ಎಷ್ಟು ವರ್ಷದಿಂದ ಸಹಿಸ್ತಿದೀನಿ? ನೀವು ನಿಮ್ಮ ಬಾಯಿ ಒಂದು ವರ್ಷ ಕಟ್ಕೊಳ್ಳಿ."

ಅಂಟಣ್ಣ ಬಿಟ್ಟ. ಹೊಗೆಯ ಜೊತೆಗೆ ಹಲಗೆಯೂ ಹೋಯಿತು. ಸೊಂಟ ನೆಟ್ಟಗೆ ಮಾಡಿಕೊಳ್ಳಲು ಹೊರಗೆ ಹೆಜ್ಜೆಯಿಟ್ಟರೆ ಮೇಸ್ತ್ರಿ, "ಸೇದದವನಿಗೆ ಹೊರಗೇನಯ್ಯ ಕೆಲಸ? ತಿರುವು" ಎಂದು ಅಟ್ಟುತ್ತಿದ್ದ. ಬಾಯಲ್ಲಿ ಬರೀ ಕಡ್ಡಿ ಕಚ್ಚಿಕೊಂಡು ತಿರುವಿದ. ಮನೆಯಲ್ಲಿ ಸುಮ್ಮಸುಮ್ಮನೆ ಸಿಡುಕಿದ. ಹೆಂಡತಿ ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದಳು. ಕತ್ತರಿ ಮಾವನಂತೂ ಹೊಗೆಯ ವಾಸನೆಗೆ ಅಂಟಣ್ಣನ ಮನಸ್ಸು ಕೆಟ್ಟೀತೆಂದು ನಲ್ಲಿಯಲ್ಲಿ ಕೈಬಾಯಿ ತೊಳೆದೇ ಕೊಪ್ಪರಿಗೆಯ ಹತ್ತಿರ ಬರುತ್ತಿದ್ದ. ಹಲಗೆಯ ಮೇಲೆ ಹುಟ್ಟಿದ ಜೋಕುಗಳನ್ನು ಬಿಸಿ ಆರುವ ಮೊದಲು ತಂದು ಹೇಳುತ್ತಿದ್ದ.

ವರ್ಷ ತುಂಬಿತು. ಅಂಟಣ್ಣ ಒಗೆದ ಅಂಗಿ ಹಾಕಿಕೊಂಡು ಮ್ಯಾನೇಜರರ ಮುಂದೆ ನಿಂತ.

"ನೀನು ಗಟ್ಟಿಗ ಕಣಯ್ಯ" ಎಂದರು ಅವರು. "ಆದರೆ ಈ ಸಲ ಕಂಪನಿಗೆ ನಷ್ಟ. ಮುಂದಿನ ವರ್ಷ ನೋಡೋಣ. ಇಷ್ಟು ಕಾದಿದೀಯ, ಇನ್ನೊಂಚೂರು ಕಾಯಿ."

"ನಿಮಗೂ ಬಂದಿಲ್ವಾ ಸಾರ್?"

"ನಮ್ಮದು ಬೇರೆ ಲೆಕ್ಕ. ನಾವು ಬಿಡ್ತೀವಿ ಅಂತ ಹೇಳಿದಾಗಲೇ ಮುಂಗಡ ಕೊಟ್ಟಿದ್ದರು. ಮಾತಿನ ಮೇಲೆ ನಂಬಿಕೆ."

ಬೂದಿತಟ್ಟೆ ಮೇಜಿನ ಮೇಲೆಯೇ ಇತ್ತು, ತುಂಬಿತ್ತು.

ಅಂಟಣ್ಣ ಕೊಪ್ಪರಿಗೆಯ ಕಡೆ ತಿರುಗಿಯೂ ನೋಡದೆ ನೇರ ಹಿತ್ತಲಿಗೆ ಹೋಗಿ ಹಲಗೆಯ ಮೇಲೆ ಕೂತ. ಕತ್ತರಿ ಮಾವ ಅವನ ಮುಖ ನೋಡಿದ.

"ಬೇಡ ಕಣೋ. ವರ್ಷ ತಡೆದಿದೀಯ."

"ಕಡ್ಡಿ ಗೀರು ಮಾವ. ಇದಾದ್ರೂ ಕೇಳಿದ ತಕ್ಷಣ ಸಿಗುತ್ತೆ."

ಕಿಟಕಿಯಿಂದ ಇದನ್ನು ಕಂಡ ಮ್ಯಾನೇಜರರು ಮೇಸ್ತ್ರಿಗೆ ಹೇಳಿದರಂತೆ: "ನೋಡು, ಈ ಜನದ ಹಣೆಬರಹವೇ ಇಷ್ಟು. ಎಲ್ಲಾ ಈಗಲೇ ಬೇಕು, ತಾಳ್ಮೆ ಅನ್ನೋದೇ ಇಲ್ಲ."

ಮನೆಯಲ್ಲಿ ಹೆಂಡತಿಗೆ ಬಾಗಿಲಲ್ಲೇ ವಾಸನೆ ಬಡಿಯಿತು.

"ಕೊಡಲಿಲ್ವಾ?"

"ಇಲ್ಲ."

"ಕೂತ್ಕೊಂಡು ಸೇದಿದ್ರಾ, ನಿಂತ್ಕೊಂಡಾ?"

"ಕೂತ್ಕೊಂಡೇ."

"ಹೋಗ್ಲಿ ಬಿಡಿ, ಅಷ್ಟಾದ್ರೂ ಆಯ್ತು" ಎಂದಳು. ಬಟ್ಟೆಯ ಗಂಟು ಎತ್ತಿಕೊಂಡು ಓರಗಿತ್ತಿಯ ಮನೆಗೆ ನಡೆದಳು.

ದುಡಿಯುವವರಿಗೆ ನಾಳೆಯ ಯೋಚನೆಯಿಲ್ಲ, ಕೈಗೆ ಬಂದದ್ದನ್ನು ಸುಟ್ಟು ಬೂದಿ ಮಾಡುತ್ತಾರೆ ಎಂದು ಇವತ್ತಿಗೂ ಓದಿದವರು ವೇದಿಕೆಯ ಮೇಲೆ ಹೇಳುತ್ತಾರೆ, ನೀವು ಚಪ್ಪಾಳೆ ತಟ್ಟುತ್ತೀರಿ. ನಿಮ್ಮ ಮನೆಯಲ್ಲೋ ಅಂಗಡಿಯಲ್ಲೋ ಕೆಲಸ ಮಾಡುವ ಯಾರಿಗೋ "ಮುಂದಿನ ತಿಂಗಳು ನೋಡೋಣ" ಎಂದಿದ್ದೀರಲ್ಲ? ಅವರನ್ನು ಇವತ್ತೇ ಕರೆಯಿರಿ. ಮೊದಲು ಕೂರಲು ಹೇಳಿ. ಆಮೇಲೆ ಕೊಡಬೇಕಾದದ್ದನ್ನು ಪೂರ್ತಿ ಕೈಗಿಡಿ. ತಾಳ್ಮೆಯ ಪಾಠ ಆಮೇಲಿರಲಿ.