ಕೊಟ್ಟಿಗೆಗೊಂದು, ಕಚೇರಿಗೊಂದು ನೋಟೀಸು

ಬೇರಿಕೆ ಊರಿನ ಆಚೆಯ ಒಂದು ಹಳ್ಳಿಯಲ್ಲಿ ರಸ್ತೆ ಒತ್ತುವರಿ ತೆರವು ನಡೆದಿತ್ತು. ಸರ್ವೇಯರ್ ಆದ ನನ್ನದು ಅಳೆಯುವ ಕೆಲಸ. ಮುನಿಯಪ್ಪನ ದನದ ಕೊಟ್ಟಿಗೆ ರಸ್ತೆಗೆ ಬಂದಿದೆಯೆಂದು ಜೆಸಿಬಿ ಆಗಲೇ ಬಂದು ನಿಂತಿತ್ತು. ಹಸುಗಳು ಒಳಗೆ ಮೆಲುಕು ಹಾಕುತ್ತಿದ್ದವು.

"ನೋಟೀಸ್ ಕೊಡ್ದೆ ಒಡೀತೀರಾ ಸಾಮಿ?" ಎಂದ ಮುನಿಯಪ್ಪ.

"ಒತ್ತುವರಿಗೆಲ್ಲ ಏನಯ್ಯಾ ನೋಟೀಸು?" ಎಂದರು ತೆರವು ಮಾಡಿಸಲು ಬಂದಿದ್ದ ನಮ್ಮ ಸಾಹೇಬರು.

ಟೇಪಿನ ಒಂದು ತುದಿಯನ್ನು ಜಾಗದವರ ಕೈಗೇ ಕೊಡುವುದು ನನ್ನ ರೂಢಿ. ಆಮೇಲೆ ತಕರಾರು ಇರುವುದಿಲ್ಲ. ಮುನಿಯಪ್ಪ ಆ ತುದಿ ಹಿಡಿದು ಕೊಟ್ಟಿಗೆಯ ಹತ್ತಿರ ನಿಲ್ಲಲಿಲ್ಲ. ರಸ್ತೆಯ ಗಡಿಯ ಗೆರೆಯಲ್ಲೇ ನೆಟ್ಟಗೆ ನಡೆದು, ಅದೇ ಸಾಲಿನಲ್ಲಿದ್ದ ಗ್ರಾಮಾಧಿಕಾರಿ ಕಚೇರಿಯ ಜಗುಲಿಯ ನಡುವೆ ನಿಂತ. ಅರ್ಧ ಜಗುಲಿ ರಸ್ತೆಯಲ್ಲಿತ್ತು.

ಜೆಸಿಬಿ ಡ್ರೈವರ್ ತಲೆ ಹೊರಗೆ ಹಾಕಿ, "ಮೊದ್ಲು ಯಾವ್ದು ಸಾರ್?" ಎಂದ.

ಸಾಹೇಬರು ಗಾಬರಿಯಾದರು. "ಏಯ್, ಅದು ಸರ್ಕಾರಿ ಕಟ್ಟಡ. ನೋಟೀಸ್ ಕೊಡ್ಬೇಕು, ಉತ್ತರ ಕೇಳ್ಬೇಕು. ಕಾನೂನು ಅಂತ ಒಂದಿಲ್ವಾ?"

"ಹಂಗಾರೆ ನನ್ ಕೊಟ್ಟಿಗೇನೂ ಸರ್ಕಾರದ್ದೇ ಅಂತ ಬರ್ಕಳಿ ಸಾಮಿ," ಎಂದ ಮುನಿಯಪ್ಪ.

ಊರವರು ನಕ್ಕರು. ಸಾಹೇಬರು ನಗಲಿಲ್ಲ, ಆದರೆ ಜೆಸಿಬಿ ವಾಪಸ್ ಹೋಯಿತು. ಮರುದಿನ ಎರಡೂ ಕಡೆ ಒಂದೇ ಥರದ ನೋಟೀಸ್ ಅಂಟಿಸಿದೆ. ಕಚೇರಿಯ ಪರವಾಗಿ ಉತ್ತರ ಬರೆಯುವ ಕೆಲಸವೂ ನನ್ನ ತಲೆಗೇ ಬಿತ್ತು. ಎಷ್ಟು ಯೋಚಿಸಿದರೂ ಕಾರಣ ಹೊಳೆಯಲಿಲ್ಲ. ಕೊನೆಗೆ ಮುನಿಯಪ್ಪ ಬರೆಸಿಕೊಟ್ಟಿದ್ದ ಉತ್ತರವನ್ನೇ ನಕಲು ಮಾಡಿದೆ: "ನಮ್ಮ ತಾತನ ಕಾಲದಿಂದ ಹಿಂಗೇ ಐತೆ, ಇದುವರೆಗೂ ಯಾರೂ ಕೇಳಿಲ್ಲ." ಕಚೇರಿಗೆ ತಾತ ಇಲ್ಲದ್ದರಿಂದ ಅವನೊಬ್ಬನನ್ನು ಮಾತ್ರ ಕೈಬಿಟ್ಟೆ.